ಅರವತ್ತೊಂದು ಹಲ್ಲಿನ ಗೇರು

ರಾಮಮೂರ್ತಿ ನಗರದ ಮುನಿಆಂಜನಪ್ಪನಿಗೆ ದೇವರ ಮೇಲೆ ಭಕ್ತಿಯಿತ್ತು, ಹೆಂಡತಿ ಆಂಜನಮ್ಮನ ಮೇಲೆ ಭಯವಿತ್ತು, ಸಂಖ್ಯೆಗಳ ಮೇಲೆ ಮಾತ್ರ ಗುಮಾನಿ. ಬಸ್ಸು ಹತ್ತಿದರೆ ಟಿಕೆಟ್ಟಿನ ನಂಬರು ಮೂರರಿಂದ ಹೋಗುತ್ತದೋ ಏಳರಿಂದ ಹೋಗುತ್ತದೋ ಎಂದು ಭಾಗಿಸಿ ನೋಡುವನು. ಮದುವೆಮನೆಯಲ್ಲಿ ಊಟಕ್ಕೆ ಕೂತರೆ ಸಾಲಿಗೆ ಎಷ್ಟು ಎಲೆ, ಸಾಲು ಎಷ್ಟು, ಕೊನೆಯ ಸಾಲಿನಲ್ಲಿ ಎಷ್ಟು ಜನ ಮಿಕ್ಕರು ಎಂದು ಎಣಿಸಿ ಮುಗಿಸುವಷ್ಟರಲ್ಲಿ ಅವನ ಎಲೆಯ ಸಾರು ಹರಿದು ಪಕ್ಕದವನ ಪಂಚೆ ಸೇರಿರುತ್ತಿತ್ತು. ಏಳನೇ ಕ್ಲಾಸಿನ ಗಣಿತದಲ್ಲಿ ಹದಿನೆಂಟು ಮಾರ್ಕು ತೆಗೆದು ಶಾಲೆ ಬಿಟ್ಟವನಿಗೆ ಇದೇನು ಹುಚ್ಚು ಎಂದು ನೀವು ಕೇಳಬಹುದು. ಮಾರ್ಕು ಕೊಡುವವರು ಕೇಳುತ್ತಿದ್ದ ಪ್ರಶ್ನೆಗಳೇ ಬೇರೆ, ಅವನು ತನ್ನನ್ನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆಗಳೇ ಬೇರೆ.

ಅಪ್ಪ ದೊಡ್ಡಮುನಿಯಪ್ಪನ ಕಾಲಕ್ಕೆ ಮನೆಯವರೆಲ್ಲ ಕೆರೆಯ ಕೆಳಗಿನ ಹೊಲದಲ್ಲಿ ಕೊತ್ತಂಬರಿ, ಮೂಲಂಗಿ ಬೆಳೆಯುತ್ತಿದ್ದರು. ಹೊಲ ಸೈಟುಗಳಾದವು. ಮುನಿಆಂಜನಪ್ಪನ ಪಾಲಿಗೆ ಮೂವತ್ತು ನಲವತ್ತರ ಒಂದು ತುಂಡು ಬಂತು. ಅದರಲ್ಲಿ ಎರಡು ಪೋರ್ಷನ್ನಿನ ಮನೆ ಕಟ್ಟಿ, ಒಂದನ್ನು ಬಾಡಿಗೆಗೆ ಕೊಟ್ಟು, ಅವನು ಮರ್ಫಿ ಟೌನಿನ ಒಂದು ಓಣಿಯಲ್ಲಿದ್ದ ಅಮೃತಪ್ಪನ ಗೇರ್ ಅಂಗಡಿಗೆ ಕೆಲಸಕ್ಕೆ ಸೇರಿದ. ಅದು ಎಂಬತ್ತೆರಡನೇ ಇಸವಿ. ನಾನು ಹೇಳಹೊರಟಿರುವ ಸಂಗತಿ ನಡೆಯುವ ಹೊತ್ತಿಗೆ ಅಲ್ಲಿ ಹದಿನಾಲ್ಕು ವರ್ಷ ಹಲ್ಲು ಕೊರೆದಿದ್ದ.

ಕೆಲಸ ಹೇಳುವುದಕ್ಕೆ ಸುಲಭ. ದುಂಡನೆಯ ಕಬ್ಬಿಣದ ಬಿಲ್ಲೆಯೊಂದರ ಅಂಚಿಗೆ ಸಮ ಅಂತರದಲ್ಲಿ ಹಲ್ಲು ಕೊರೆಯಬೇಕು. ಬಿಲ್ಲೆಯನ್ನು ಹಿಡಿದುಕೊಳ್ಳುವ ಯಂತ್ರಕ್ಕೆ ಒಂದು ಹ್ಯಾಂಡಲ್ ಇರುತ್ತದೆ. ಹ್ಯಾಂಡಲನ್ನು ನಲವತ್ತು ಸುತ್ತು ತಿರುಗಿಸಿದರೆ ಬಿಲ್ಲೆ ಒಂದು ಸುತ್ತು ತಿರುಗುತ್ತದೆ. ಇಪ್ಪತ್ತು ಹಲ್ಲು ಬೇಕಾದರೆ ಒಂದೊಂದು ಹಲ್ಲಿಗೆ ಎರಡೆರಡು ಸುತ್ತು. ಅರವತ್ತು ಹಲ್ಲು ಬೇಕಾದರೆ ಒಂದು ಸುತ್ತಿನ ಮೂರರಲ್ಲಿ ಎರಡು ಪಾಲು. ಆ ಪಾಲನ್ನು ಅಳೆಯುವುದಕ್ಕೆ ಹ್ಯಾಂಡಲಿನ ಹಿಂದೆ ತೂತಿನ ಪ್ಲೇಟು ಹಾಕುತ್ತಾರೆ. ಅದರಲ್ಲಿ ವೃತ್ತ ವೃತ್ತವಾಗಿ ತೂತುಗಳು, ಒಂದರಲ್ಲಿ ಹದಿನೈದು, ಇನ್ನೊಂದರಲ್ಲಿ ಹದಿನೇಳು, ಹೀಗೆ. ಹದಿನೈದರ ವೃತ್ತದಲ್ಲಿ ಹತ್ತು ತೂತು ಮುಂದೆ ಹೋದರೆ ಮೂರರಲ್ಲಿ ಎರಡು ಪಾಲಾಯಿತು. ಯಾವ ಹಲ್ಲಿಗೆ ಯಾವ ವೃತ್ತ ಎಂಬ ಪಟ್ಟಿಯನ್ನು ಅಮೃತಪ್ಪ ಗೋಡೆಗೆ ಮೊಳೆ ಹೊಡೆದು ಹಾಕಿದ್ದ. ಪಟ್ಟಿ ನೋಡು, ತೂತು ಎಣಿಸು, ಹಲ್ಲು ಕೊರೆ. ತಲೆ ಮನೆಯಲ್ಲಿ ಬಿಟ್ಟು ಬಂದರೂ ನಡೆಯುತ್ತಿತ್ತು.

ಮುನಿಆಂಜನಪ್ಪ ಮಾತ್ರ ತಲೆಯನ್ನೂ ತೆಗೆದುಕೊಂಡು ಹೋಗುತ್ತಿದ್ದ. ಅವನ ಕಣ್ಣು ಪಟ್ಟಿಯಲ್ಲಿ ಇರುವ ಸಂಖ್ಯೆಗಳ ಮೇಲೆ ನಿಲ್ಲದೆ ಇಲ್ಲದ ಸಂಖ್ಯೆಗಳ ಮೇಲೆ ನಿಂತಿತು. ಐವತ್ತರ ತನಕ ಒಂದೂ ಬಿಟ್ಟಿರಲಿಲ್ಲ. ಆಮೇಲೆ ಐವತ್ತೊಂದು ಇಲ್ಲ, ಐವತ್ತಮೂರು ಇಲ್ಲ, ಐವತ್ತೇಳು, ಐವತ್ತೊಂಬತ್ತು, ಅರವತ್ತೊಂದು ಇಲ್ಲ. ಯಾಕೆ? ಬೆಸ ಸಂಖ್ಯೆ ಅಂತಲೇ? ಐವತ್ತೈದೂ ಬೆಸವೇ, ಅದು ಇತ್ತಲ್ಲ. ಯಾವುದರಿಂದಲೂ ಭಾಗವಾಗದ ಮೊಂಡು ಸಂಖ್ಯೆಗಳೇ? ಐವತ್ತೊಂದು ಮೂರು ಹದಿನೇಳಲಿ, ಚೆನ್ನಾಗಿಯೇ ಭಾಗವಾಗುತ್ತದೆ. ನಲವತ್ತೇಳು ಶುದ್ಧ ಮೊಂಡು, ಅದು ಪಟ್ಟಿಯಲ್ಲಿ ರಾಜನ ಹಾಗೆ ಕೂತಿತ್ತು. ಅಮೃತಪ್ಪನನ್ನು ಕೇಳಿದರೆ, ಇಲ್ಲ ಅಂದರೆ ಇಲ್ಲ ಕಣಯ್ಯ, ಅದಕ್ಕೆಲ್ಲ ಕಾರಣ ಇರುತ್ತಾ ಎಂದು ಬೀಡಿ ಹಚ್ಚಿದ.

ಹೀಗೇ ಕೆಲವು ವರ್ಷ ಕಳೆದವು. ಕೊನೆಗೆ ಒಂದು ಮಧ್ಯಾಹ್ನ ಪ್ಲೇಟನ್ನು ಒರೆಸುತ್ತಿದ್ದಾಗ ಅವನಿಗೆ ಹೊಳೆಯಿತು. ನಲವತ್ತೇಳು ಪಟ್ಟಿಯಲ್ಲಿರುವುದು ಪ್ಲೇಟಿನಲ್ಲಿ ನಲವತ್ತೇಳು ತೂತಿನ ವೃತ್ತ ಇರುವುದರಿಂದ. ಐವತ್ತೊಂದಕ್ಕೆ ಮೂರೂ ಹದಿನೇಳೂ ಒಟ್ಟಿಗಿರುವ ವೃತ್ತ ಬೇಕು, ಅದು ಇಲ್ಲ. ಬೇರೆಬೇರೆಯಾಗಿ ಇದ್ದಾವಲ್ಲ! ಮೂರು ಹದಿನೈದರ ಒಳಗಿದೆ, ಹದಿನೇಳಕ್ಕೆ ಸ್ವಂತ ವೃತ್ತವೇ ಇದೆ. ಹದಿನೈದರಲ್ಲಿ ಹತ್ತು ತೂತು ಹೋಗಿ, ಆಮೇಲೆ ಪ್ಲೇಟನ್ನೇ ಸಡಿಲಿಸಿ ಹದಿನೇಳರಲ್ಲಿ ಎರಡು ತೂತು ಹೋದರೆ? ಕಾಗದದ ಮೇಲೆ ಮೂರು ಸಲ ಲೆಕ್ಕ ಮಾಡಿದ, ಸರಿಹೋಯಿತು. ಒಂದು ಬೇಡದ ಬಿಲ್ಲೆಯ ಮೇಲೆ ಕೊರೆದೂ ನೋಡಿದ. ಐವತ್ತೊಂದು ಹಲ್ಲು ಬಂದವು. ಐವತ್ತೇಳನ್ನೂ ಹಾಗೆಯೇ ಮೂರು ಹತ್ತೊಂಬತ್ತಲಿ ಮಾಡಿ ಒಡೆದ. ಪಟ್ಟಿಯಲ್ಲಿಲ್ಲದ ಎರಡು ಗೇರು ಕೈಯಲ್ಲಿ ಹಿಡಿದು ಆ ಸಂಜೆ ಮನೆಗೆ ಬಂದವನ ಮುಖ ನೋಡಿ ಆಂಜನಮ್ಮ, ಯಾರ ಮದುವೆಗೆ ಹೋಗಿದ್ರಿ ಎಂದು ಕೇಳಿದಳಂತೆ.

ಆ ಗರ್ವ ಇಳಿಯುವ ಮೊದಲೇ, ತೊಂಬತ್ತಾರರ ಆಗಸ್ಟಿನಲ್ಲಿ, ಬದ್ರುನ್ನೀಸಾ ಬಂದಳು. ಶಿವಾಜಿನಗರದಲ್ಲಿ ಶಾವಿಗೆ ಮಾಡುವವಳು. ನಲವತ್ತೈದು ದಾಟಿದ ವಿಧವೆ, ಮಾತು ಕಡಿಮೆ. ಅವಳ ಮಾವ ಯಾವುದೋ ಕಾಲದಲ್ಲಿ ಹರಾಜಿನಲ್ಲಿ ಹಿಡಿದಿದ್ದ ಹೊರದೇಶದ ಶಾವಿಗೆ ಮೆಷಿನ್ನೇ ಅವಳ ಮನೆಯ ದೊಡ್ಡ ಮಗ. ಮಾರ್ಕೆಟ್ಟಿನ ಹತ್ತಿರದ ಮೂರು ಅಂಗಡಿಗಳಿಗೆ ಅವಳೇ ಶಾವಿಗೆ ಕೊಡುತ್ತಿದ್ದಳು. ರಂಜಾನ್ ತಿಂಗಳಲ್ಲಿ ಮಾರಿದ್ದೇ ಅವಳಿಗೆ ವರ್ಷದ ಅನ್ನ. ಮೆಷಿನ್ನಿನ ಗೇರುಜೋಡಿ ಮೂವತ್ತು ವರ್ಷ ತಿರುಗಿ ಸವೆದಿತ್ತು. ದೊಡ್ಡದಕ್ಕೆ ಅರವತ್ತೊಂದು ಹಲ್ಲು, ಚಿಕ್ಕದಕ್ಕೆ ಹತ್ತೊಂಬತ್ತು. ಇದೇ ತರಹದ್ದು ಹೊಸದು ಮಾಡಿಕೊಡಿ ಎಂದಳು.

ಅರವತ್ತೊಂದು ಎಂದೊಡನೆ ಮುನಿಆಂಜನಪ್ಪನಿಗೆ ಬಾಯಲ್ಲಿ ನೀರೂರಿತು. ಭಾನುವಾರ ಜಗಲಿಯಲ್ಲಿ ಕೂತು ಅರವತ್ತೊಂದು ಹುಣಸೆ ಬೀಜ ಎಣಿಸಿಕೊಂಡು ಸಾಲು ಜೋಡಿಸತೊಡಗಿದ. ಮೂರರ ಸಾಲು ಮಾಡಿದರೆ ಒಂದು ಮಿಗುತ್ತದೆ. ನಾಲ್ಕರದು ಮಾಡಿದರೂ ಒಂದು, ಐದರದು ಮಾಡಿದರೂ ಒಂದು. ಏಳರದು ಮಾಡಿದರೆ ಐದು ಮಿಗುತ್ತದೆ. ಹನ್ನೊಂದು, ಹದಿಮೂರು, ಹದಿನೇಳು ಎಂದು ಅವನು ಬೆವರುತ್ತಿದ್ದಾಗ ಪಕ್ಕದ ಪೋರ್ಷನ್ನಿನ ಬಾಡಿಗೆಯವಳು ಪ್ರತಿಭಾ ಬಟ್ಟೆ ಒಣಹಾಕಲು ಹೊರಗೆ ಬಂದಳು. ಗಂಗಾವತಿ ಕಡೆಯವಳು, ಪ್ರೈಮರಿ ಶಾಲೆ ಟೀಚರು. ಸ್ವಲ್ಪ ಹೊತ್ತು ನಿಂತು ನೋಡಿದಳು.

"ಏಳರ ಮಟಾ ನೋಡಿದ್ರ ಸಾಕ್ರಿ. ಮುಂದ ಯಾಕ ಒದ್ದಾಡ್ತೀರಿ?" ಎಂದಳು.

ಏಳಕ್ಕೇ ಯಾಕೆ ನಿಲ್ಲಿಸಬೇಕು ಎಂದು ಅವನು ಕೇಳಿದ. ಅದನ್ನ ನೀವೇ ನೋಡ್ರಿ ಎಂದು ಅವಳು ಬಟ್ಟೆ ಹಿಂಡಿದಳು. ಒಳ್ಳೆಯ ಟೀಚರೇ ಇದ್ದಿರಬೇಕು. ಮುನಿಆಂಜನಪ್ಪ ಬೀಜಗಳನ್ನು ನೋಡುತ್ತ ಕೂತ. ಸಂಖ್ಯೆ ಒಡೆದರೆ ಎರಡು ತುಂಡಾಗಬೇಕು. ಎರಡೂ ಎಂಟೋ ಅದಕ್ಕಿಂತ ದೊಡ್ಡದೋ ಆದರೆ ಎಂಟೆಂಟಲಿ ಅರವತ್ತನಾಲ್ಕು, ಆಗಲೇ ಮೀರಿಹೋಯಿತು. ಅಂದಮೇಲೆ ಒಂದು ತುಂಡಾದರೂ ಏಳರ ಒಳಗೇ ಇರಬೇಕು. ಅಲ್ಲಿ ಸಿಗದಿದ್ದರೆ ಎಲ್ಲಿಯೂ ಇಲ್ಲ. ಅವನು ಎದ್ದು ನಿಂತು ಇದನ್ನು ಹೇಳಿದಾಗ ಅವಳು ನಕ್ಕು, ಆ ತುಂಡುಗಳಿಗೆ ಅಪವರ್ತನ ಅಂತಾರೆ, ತಾನು ಮತ್ತು ಒಂದು ಬಿಟ್ಟು ಬೇರೆ ಅಪವರ್ತನ ಇಲ್ಲದ ಸಂಖ್ಯೆಗೆ ಅವಿಭಾಜ್ಯ ಸಂಖ್ಯೆ ಅಂತಾರೆ ಎಂದಳು. ಶಾಲೆಯಲ್ಲಿ ಈ ಎರಡು ಪದ ಅವನ ಕಿವಿಯ ಪಕ್ಕದಿಂದ ಹಾದುಹೋಗಿದ್ದವು. ಈಗ ಹುಣಸೆ ಬೀಜದ ಜೊತೆ ಬಂದವು, ಉಳಿದುಕೊಂಡವು.

ಅರವತ್ತೊಂದು ಒಡೆಯುವುದಿಲ್ಲ ಎಂಬುದು ಗೊತ್ತಾಯಿತು. ಹತ್ತೊಂಬತ್ತೂ ಅವಿಭಾಜ್ಯವೇ, ಅದಕ್ಕಾದರೂ ಪ್ಲೇಟಿನಲ್ಲಿ ವೃತ್ತವಿತ್ತು. ಸರಿ, ಅಂಗಡಿಯ ಪದ್ಧತಿ ಇತ್ತಲ್ಲ. ಪಟ್ಟಿಯಲ್ಲಿಲ್ಲದ ಸಂಖ್ಯೆ ಬಂದರೆ ದೊಡ್ಡ ಗೇರಿನಲ್ಲಿ ಒಂದು ಹಲ್ಲು ಕಳೆ, ಚಿಕ್ಕದಕ್ಕೆ ಒಂದು ಹಲ್ಲು ಕೂಡಿಸು. ಒಟ್ಟು ಅಷ್ಟೇ ಇರುತ್ತದೆ, ಎರಡೂ ಹಳೆಯ ಜಾಗದಲ್ಲೇ ಕೂರುತ್ತವೆ, ಗಿರಾಕಿಗೂ ತಿಳಿಯುವುದಿಲ್ಲ. ಅಮೃತಪ್ಪ ಎಷ್ಟೋ ವರ್ಷದಿಂದ ಹೀಗೆ ಮಾಡಿಸುತ್ತಿದ್ದ, ಯಾರ ಮನೆಯೂ ಬಿದ್ದಿರಲಿಲ್ಲ. ಮುನಿಆಂಜನಪ್ಪನಿಗೋ ಇದು ಮೊದಲಿಗಿಂತ ಚೆನ್ನಾಗಿದೆ ಅನ್ನಿಸಿತು. ಅರವತ್ತು ಮತ್ತು ಇಪ್ಪತ್ತು. ಚಿಕ್ಕದು ಸರಿಯಾಗಿ ಮೂರು ಸುತ್ತು, ದೊಡ್ಡದು ಒಂದು ಸುತ್ತು. ಎಂಥ ಚೊಕ್ಕಟ! ಅರವತ್ತೊಂದು ಹತ್ತೊಂಬತ್ತು ಇಟ್ಟ ಹೊರದೇಶದವನಿಗೆ ಬುದ್ಧಿ ಇರಲಿಲ್ಲ, ನಾನು ತಿದ್ದಿದೆ ಎಂದುಕೊಂಡ. ಸುತ್ತಿಗೆಯಲ್ಲಿ ಬಡಿದು ಚಿಕ್ಕ ಗೇರನ್ನು ಮೆಷಿನ್ನಿಗೆ ಕೂರಿಸಿಕೊಟ್ಟು ಬಂದ.

ತಿಂಗಳು ಕಳೆಯುವಷ್ಟರಲ್ಲಿ ಬದ್ರುನ್ನೀಸಾ ಹೇಳಿಕಳಿಸಿದಳು, ಮೆಷಿನ್ನು ಟಕ್ ಟಕ್ ಅನ್ನುತ್ತಿದೆ ಎಂದು. ಅವನು ಹೋಗಿ ನೋಡಿದ. ಗೇರು ಹೊಸದರ ಹಾಗೇ ಕಂಡಿತು. ಹಿಟ್ಟು ಮುಟ್ಟಿ ನೋಡಿದರೆ ಗಟ್ಟಿ. ಇಷ್ಟು ಗಟ್ಟಿ ಹಿಟ್ಟು ತಳ್ಳಿದರೆ ಯಾವ ಗೇರು ತಡೆಯುತ್ತೆ ಆಪಾ, ನೀರು ಜಾಸ್ತಿ ಹಾಕಿ ಎಂದು ಹೇಳಿ ಟೀ ಕುಡಿದು ಬಂದ. ಗೊತ್ತಿಲ್ಲದ್ದನ್ನು ಗೊತ್ತಿರುವವನ ಹಾಗೆ ಹೇಳುವ ಚಟ ಅವನಿಗೂ ಇತ್ತು, ಅದನ್ನೇಕೆ ಮುಚ್ಚಿಡಲಿ.

ಡಿಸೆಂಬರಿನ ಕೊನೆಯ ವಾರದ ಒಂದು ಸೋಮವಾರ ಅವಳು ಗೋಣಿಚೀಲ ಹೊತ್ತು ಅಂಗಡಿಯ ಮುಂದೆ ನಿಂತಳು. ಚೀಲದಲ್ಲಿ ಎರಡು ಜೋಡಿ ಗೇರು, ಮುರಿದ ಹೊಸದು ಮತ್ತು ಸವೆದ ಹಳೆಯದು. ನೀರು ಹಾಕಿದ್ದಕ್ಕೆ ಶಾವಿಗೆ ಒಂದಕ್ಕೊಂದು ಅಂಟಿಕೊಳ್ಳುತ್ತಿತ್ತು, ಒಣಗುತ್ತಿರಲಿಲ್ಲ, ಹಾಲಿಗೆ ಹಾಕಿದರೆ ಗಂಜಿಯಾಗುತ್ತಿತ್ತು. ಮೂರು ಅಂಗಡಿಯವರೂ ಒಬ್ಬರಾದ ಮೇಲೆ ಒಬ್ಬರು ವಾಪಸ್ಸು ಕಳಿಸಿದ್ದರು. ಇಷ್ಟಾದರೂ ಟಕ್ ಟಕ್ ನಿಲ್ಲಲಿಲ್ಲ, ನಿನ್ನೆ ಹಲ್ಲೇ ಹಾರಿಹೋಯಿತು. ರಂಜಾನಿಗೆ ಇನ್ನು ಎರಡು ವಾರ. ಶುಕ್ರವಾರ ಗುಜರಿಯವನು ಬರುತ್ತಾನೆ, ಮೆಷಿನ್ನು ತೂಕಕ್ಕೆ ಹಾಕಿಬಿಡುತ್ತೇನೆ ಎಂದಳು. ದೂರುವ ದನಿಯೇ ಇರಲಿಲ್ಲ.

ಅಮೃತಪ್ಪ ಕೆಟ್ಟವನಲ್ಲ. ದುಡ್ಡು ಬೇಡ, ಇನ್ನೊಂದು ಅರವತ್ತು ಹಾಕಿಕೊಡುತ್ತೇವೆ ಎಂದ. ಮುನಿಆಂಜನಪ್ಪ ಮುರಿದ ಗೇರನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಅರವತ್ತರಲ್ಲಿ ಐವತ್ತೇಳು ಹಲ್ಲು ಹೊಳೆಯುತ್ತಿದ್ದವು. ಮೂರು ಮಾತ್ರ ಹಾಳಾಗಿದ್ದವು, ಅದರಲ್ಲಿ ಒಂದು ಬುಡಕ್ಕೇ ಹೋಗಿತ್ತು. ಒಂದರಿಂದ ಇನ್ನೊಂದಕ್ಕೆ ಎಣಿಸಿದ. ಇಪ್ಪತ್ತು. ಅಲ್ಲಿಂದ ಮುಂದಿನದಕ್ಕೆ ಇಪ್ಪತ್ತು. ತಿರುಗಿ ಮೊದಲನೆಯದಕ್ಕೂ ಇಪ್ಪತ್ತು. ಹಿಟ್ಟು ಗಟ್ಟಿಯಾಗಿದ್ದರೆ ಎಲ್ಲ ಹಲ್ಲಿಗೂ ಏಟು ಬೀಳಬೇಕಿತ್ತು. ಹಿಟ್ಟಿಗೆ ಎಣಿಸಲು ಬರುತ್ತದೆಯೇ?

ಆಮೇಲೆ ಹಳೆಯ ಗೇರನ್ನು ನೋಡಿದ. ಮೂವತ್ತು ವರ್ಷ ದುಡಿದ ಅದರ ಅರವತ್ತೊಂದು ಹಲ್ಲೂ ಒಂದೇ ಸಮನೆ ಸವೆದಿದ್ದವು, ಹೆಚ್ಚಿಲ್ಲ ಕಡಿಮೆಯಿಲ್ಲ.

ಒಂದು ಹಲಗೆಗೆ ಎರಡು ಗೂಟ ಹೊಡೆದು ಹೊಸ ಜೋಡಿಯನ್ನು ಒಂದಕ್ಕೊಂದು ಕಚ್ಚುವಂತೆ ಕೂರಿಸಿದ. ಚಿಕ್ಕ ಗೇರಿನ ಒಂದು ಹಲ್ಲಿಗೆ ಸೀಮೆಸುಣ್ಣ ಬಳಿದು ಕೈಯಿಂದ ತಿರುಗಿಸಿದ. ದೊಡ್ಡದರ ಮೂರು ಹಲ್ಲು ಬೆಳ್ಳಗಾದವು. ಮತ್ತೆ ತಿರುಗಿಸಿದ, ಅವೇ ಮೂರು. ಐವತ್ತು ಸುತ್ತು ತಿರುಗಿಸಿದರೂ ಅವೇ ಮೂರು. ಹಳೆಯ ಜೋಡಿಯನ್ನು ಹಾಕಿ ಹಾಗೆಯೇ ಮಾಡಿದ. ದೊಡ್ಡದರ ಮೊದಲ ಸುತ್ತಿನಲ್ಲಿ ನಾಲ್ಕು ಹಲ್ಲು ಬೆಳ್ಳಗಾದವು, ಎರಡನೇ ಸುತ್ತಿನಲ್ಲಿ ಬೇರೆ ಮೂರು, ಮೂರನೆಯದರಲ್ಲಿ ಇನ್ನೂ ಬೇರೆ ಮೂರು. ಸುಣ್ಣ ಹಚ್ಚುತ್ತ ತಿರುಗಿಸುತ್ತ ಹೋದ. ಹತ್ತೊಂಬತ್ತು ಸುತ್ತು ಮುಗಿಯುವಾಗ ಅರವತ್ತೊಂದು ಹಲ್ಲೂ ಬೆಳ್ಳಗಾಗಿದ್ದವು, ಒಂದೂ ಬಿಡದೆ, ಒಂದಕ್ಕೂ ಎರಡು ಸಲ ತಾಗದೆ.

ಈಗ ಅವನಿಗೆ ತಿಳಿಯಿತು. ಇಪ್ಪತ್ತರ ಅಪವರ್ತನಗಳೆಲ್ಲ ಅರವತ್ತರಲ್ಲೂ ಇರುವುದರಿಂದ ಹಳೇ ನೆಂಟರ ಹಾಗೆ ಅವೇ ಹಲ್ಲುಗಳು ಮತ್ತೆ ಮತ್ತೆ ಎದುರಾಗುತ್ತವೆ. ಹತ್ತೊಂಬತ್ತಕ್ಕೂ ಅರವತ್ತೊಂದಕ್ಕೂ ಒಂದನ್ನು ಬಿಟ್ಟು ಸಮಾನವಾದದ್ದು ಏನೂ ಇಲ್ಲ. ಅದಕ್ಕೇ ಎಲ್ಲರಿಗೂ ಎಲ್ಲರ ಭೇಟಿ. ಒಂದು ಹಲ್ಲಿನಲ್ಲಿ ದೋಷವಿದ್ದರೂ ಅದರ ಏಟು ಎಲ್ಲಕ್ಕೂ ಹಂಚಿಹೋಗುತ್ತದೆ. ಚಿಕ್ಕ ಗೇರನ್ನು ತಿರುವಿ ನೋಡಿದ. ಸುತ್ತಿಗೆಯಲ್ಲಿ ಬಡಿದು ಕೂರಿಸುವಾಗ ಒಂದು ಹಲ್ಲಿನ ಅಂಚು ಜಜ್ಜಿ ಉಬ್ಬಿ ನಿಂತಿತ್ತು. ಆ ಸುತ್ತಿಗೆ ಹಿಡಿದವನು ಅವನೇ. ಹೊರದೇಶದವನಿಗೆ ಬುದ್ಧಿ ಇತ್ತು.

ಅರವತ್ತೊಂದನ್ನೇ ಹಾಕಬೇಕು ಎಂದು ಅಮೃತಪ್ಪನಿಗೆ ಹೇಳಿದ. ತೂತೇ ಇಲ್ಲದ ಸಂಖ್ಯೆಯನ್ನು ಎಲ್ಲಿಂದ ತರುತ್ತೀಯ ಎಂದು ಅಮೃತಪ್ಪ ಕೇಳಿದ. ತೂತು ಮಾಡುತ್ತೇನೆ ಎಂದ. ಗುರುವಾರ ಸಂಜೆಯ ತನಕ ನೋಡು, ಆಗದಿದ್ದರೆ ಅರವತ್ತು ಹಾಕಿ ಕೊಟ್ಟುಬಿಡು ಎಂದು ಅಮೃತಪ್ಪ ಕೈ ತೊಳೆದುಕೊಂಡ.

ಒಡೆಯದ ಸಂಖ್ಯೆಯನ್ನು ಒಡೆದು ಮಾಡಲಾಗದು, ಒಂದೊಂದಾಗಿ ಎಣಿಸಿಯೇ ಮಾಡಬೇಕು. ಅವನು ಉದ್ದನೆಯ ಹಿತ್ತಾಳೆ ತಗಡಿನ ಪಟ್ಟಿ ತೆಗೆದುಕೊಂಡು ಸಮ ದೂರದಲ್ಲಿ ಅರವತ್ತೆರಡು ತೂತು ಕೊರೆದ. ಪಟ್ಟಿಯನ್ನು ಒಂದು ಚಕ್ರದ ಸುತ್ತ ಬಳಸಿದಾಗ ಅರವತ್ತೆರಡನೆಯ ತೂತು ಮೊದಲನೆಯದರ ಮೇಲೆ ಸರಿಯಾಗಿ ಕೂತರೆ, ಮಧ್ಯೆ ಅರವತ್ತೊಂದು ಸಮ ಪಾಲಾದವು. ಚಕ್ರವನ್ನು ಲೇತಿನಲ್ಲಿ ತಿರುಗಿಸಿ, ಅಂಚು ಕೆರೆದು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸಣ್ಣಗೆ ಮಾಡುತ್ತ, ಪಟ್ಟಿ ಸುತ್ತಿ ನೋಡುತ್ತ ಮಂಗಳವಾರ ಕಳೆಯಿತು. ಸಂಜೆಗೆ ಚೂರು ಹೆಚ್ಚಾಗಿ ತೆಗೆದು ಚಕ್ರ ಕೆಟ್ಟಿತು. ಬುಧವಾರ ಇನ್ನೊಂದು ಚಕ್ರ ಹಿಡಿದ. ಮೂರು ಗಂಟೆಗೆ ತೂತಿನ ಮೇಲೆ ತೂತು ಕೂತಿತು. ಸುತ್ತಿದ ಪಟ್ಟಿಯ ಗುರುತಿನಂತೆ ಒಂದು ಹೊಸ ಪ್ಲೇಟಿಗೆ ಅರವತ್ತೊಂದು ತೂತು ಹಾಕಿದ. ಕೈಯ ಕೆಲಸ, ಅಲ್ಲಲ್ಲಿ ಸ್ವಲ್ಪ ಆಚೀಚೆ ಆಗಿತ್ತು, ಅದು ಅವನ ಕಣ್ಣಿಗೇ ಕಾಣುತ್ತಿತ್ತು. ಬಸ್ಸಿನಲ್ಲಿ ಮನೆಗೆ ಹೋಗುವಾಗ ಅದೇ ಚಿಂತೆ. ಅರ್ಧ ದಾರಿಯಲ್ಲಿ ನೆನಪಾಯಿತು, ಹ್ಯಾಂಡಲ್ ನಲವತ್ತು ಸುತ್ತಿದರೆ ತಾನೇ ಬಿಲ್ಲೆ ಒಂದು ಸುತ್ತು. ಪ್ಲೇಟಿನಲ್ಲಿ ಎಷ್ಟು ತಪ್ಪಿದರೂ ಗೇರಿಗೆ ತಲುಪುವುದು ಅದರ ನಲವತ್ತನೇ ಒಂದು ಪಾಲು. ನಕ್ಕುಬಿಟ್ಟ. ಪಕ್ಕದವನು ಜರುಗಿ ಕೂತ.

ಗುರುವಾರ ಬೆಳಿಗ್ಗೆ ಕೊರೆಯತೊಡಗಿದ. ಪ್ರತಿ ಹಲ್ಲಿಗೆ ಅರವತ್ತೊಂದರಲ್ಲಿ ನಲವತ್ತು ತೂತು. ತೂತಿನ ಎಣಿಕೆ ಅಲ್ಲಲ್ಲಿ ತಪ್ಪುತ್ತ ಹೋದರೆ ಕೊನೆಯ ಹಲ್ಲು ಬೆಣೆಯ ಹಾಗೆ ತೆಳ್ಳಗಾಗಿ ಎಲ್ಲ ಶ್ರಮವೂ ನೀರಲ್ಲಿ ಹೋಮ. ಅಮೃತಪ್ಪ ಗಲ್ಲಾ ಬಿಟ್ಟು ಬಂದು ಪಕ್ಕದಲ್ಲಿ ನಿಂತ, ಉಸಿರು ಬಿಡಲೂ ಹೆದರಿದವನಂತೆ. ಐವತ್ತೊಂಬತ್ತು, ಅರವತ್ತು. ಕಟರ್ ಕೊನೆಯ ಸಲ ಇಳಿದು ಮೇಲೆದ್ದಾಗ ಅರವತ್ತೊಂದನೆಯ ಹಲ್ಲು ತನ್ನ ಅಕ್ಕಪಕ್ಕದವರಷ್ಟೇ ದಪ್ಪಗೆ ನಿಂತಿತ್ತು. ಅಮೃತಪ್ಪ ಬೆರಳಿನಿಂದ ಅದನ್ನು ಸವರಿ, ಗೋಡೆಯ ಪಟ್ಟಿಗೆ ಇದನ್ನೂ ಬರೆದುಬಿಡು ಎಂದ. ಅವನ ಬಾಯಿಂದ ಅದು ದೊಡ್ಡ ಮಾತು.

ಶುಕ್ರವಾರ ಬೆಳಿಗ್ಗೆ ಗುಜರಿಯವನಿಗಿಂತ ಮೊದಲು ಮುನಿಆಂಜನಪ್ಪ ಶಿವಾಜಿನಗರ ತಲುಪಿದ. ಈ ಸಲ ಸುತ್ತಿಗೆ ಮುಟ್ಟಲಿಲ್ಲ, ಹೊಸದಾಗಿ ಕೊರೆದ ಹತ್ತೊಂಬತ್ತರ ಚಿಕ್ಕ ಗೇರನ್ನೂ ಒತ್ತಿಯೇ ಕೂರಿಸಿದ. ಮೆಷಿನ್ನು ತಿರುಗಿತು, ಟಕ್ ಎನ್ನಲಿಲ್ಲ. ಬದ್ರುನ್ನೀಸಾ ನೀರು ನೀರಾದ ಹಿಟ್ಟಿನ ಬೋಗುಣಿ ತಂದಿಟ್ಟಳು. ಅವನು ತಡೆದ.

"ಮೊದಲಿನ ಥರ ಗಟ್ಟಿಯಾಗಿ ಕಲಸಿ ಆಪಾ. ನಿಮ್ಮ ಹಿಟ್ಟಲ್ಲಿ ಏನೂ ತಪ್ಪಿರ್ಲಿಲ್ಲ. ಅರವತ್ತೊಂದು ಹಾಕೋಕೆ ಬರಲ್ಲ ಅಂತ ನಾನು ಅರವತ್ತು ಹಾಕ್ದೆ. ಗೊತ್ತಿಲ್ದೆ ನಿಮ್ಮ ಮೇಲೆ ಹೇಳ್ಬಿಟ್ಟೆ."

ಅವಳು ಬೋಗುಣಿಯ ಪಕ್ಕದಲ್ಲೇ ಕೂತುಬಿಟ್ಟಳು. ಬೈಯುತ್ತಾಳೆ ಎಂದು ಅವನು ಕಾದ. ಬೈದಿದ್ದರೆ ಚೆನ್ನಾಗಿತ್ತು.

"ಹದಿನಾರನೇ ವಯಸ್ಸಿಂದ ಹಿಟ್ಟು ಕಲಸ್ತಾ ಇದೀನಿ ಅಣ್ಣಾ," ಎಂದಳು. "ಈ ಮೂರು ತಿಂಗಳು, ನನ್ನ ಕೈಯೇ ಕೆಟ್ಟೋಯ್ತು ಅಂತ ತಿಳ್ಕೊಂಡ್ಬಿಟ್ಟಿದ್ದೆ."

ಮುನಿಆಂಜನಪ್ಪನಿಗೆ ತಲೆ ಎತ್ತಲಾಗಲಿಲ್ಲ. ಗೇರು ಸರಿಮಾಡಿದ್ದೇನೆ ಎಂಬ ಹಿಗ್ಗು ಎಲ್ಲಿ ಹೋಯಿತೋ. ಅವಳು ಎದ್ದು ಹೊಸದಾಗಿ ಹಿಟ್ಟು ಕಲಸಿದಳು. ಅಂಗೈಯಿಂದ ಒತ್ತಿ, ಮಡಿಸಿ, ಮತ್ತೆ ಒತ್ತಿ ನೋಡಿದಳು. ಮೆಷಿನ್ನಿನಿಂದ ಶಾವಿಗೆ ಬಿಡಿಬಿಡಿಯಾಗಿ ಇಳಿಯಿತು. ಗುಜರಿಯವನು ಬಂದು, ಬಾಗಿಲಲ್ಲಿ ನಿಂತು ನೋಡಿ, ತಕ್ಕಡಿ ಎತ್ತಿಕೊಂಡು ಹೋದ. ಅವನು ಹೋದ ಮೇಲೆ ಅವಳು ಕೇಳಿದಳು, ಇದನ್ನು ಮೂರು ಅಂಗಡಿಯವರಿಗೂ ನೀವೇ ಬಂದು ಹೇಳುತ್ತೀರಾ ಎಂದು. ನಾನು ಹೇಳಿದರೆ ನೆಪ ಅನ್ನುತ್ತಾರೆ ಎಂದಳು.

ನಾಲ್ಕು ಜನರ ಮುಂದೆ ಬಾಯಿ ತೆರೆದು ಗೊತ್ತಿಲ್ಲದ ಮನುಷ್ಯ ಸೋಮವಾರ ರಜೆ ಹಾಕಿ ಹೊರಟ. ಚೀಲದಲ್ಲಿ ಎರಡು ಜೋಡಿ ಗೇರು, ಹಲಗೆ, ಸೀಮೆಸುಣ್ಣ. ಅವಳ ಕೈಯಲ್ಲಿ ಒಣಗಿದ ಶಾವಿಗೆಯ ಪೊಟ್ಟಣ. ಮೊದಲ ಅಂಗಡಿಯಲ್ಲಿ ಹಲಗೆ ಇಟ್ಟು ಸುಣ್ಣ ಬಳಿದು ಮೂರು ಹಲ್ಲು ತೋರಿಸಿದ, ಅರವತ್ತೊಂದು ತೋರಿಸಿದ. ಅವಿಭಾಜ್ಯ ಎಂದ, ಅಪವರ್ತನ ಎಂದ, ಬೆವರಿದ. ಅಂಗಡಿಯವನು ತಲೆಯಾಡಿಸಿ ಐದು ಕಿಲೋ ಬರೆದುಕೊಂಡ. ಎರಡನೆಯವನು ಆಮೇಲೆ ನೋಡೋಣ ಎಂದ.

ಮೂರನೆಯ ಅಂಗಡಿ ಅಜ್ಮತ್ ಎಂಬುವನದು, ಅವಳ ಶಾವಿಗೆಯನ್ನು ಎಲ್ಲರಿಗಿಂತ ಹೆಚ್ಚು ಕೊಳ್ಳುತ್ತಿದ್ದವನು, ಎಲ್ಲರಿಗಿಂತ ಮೊದಲು ವಾಪಸ್ಸು ಕಳಿಸಿದವನು. ಗಿರಾಕಿಗಳನ್ನು ನಿಲ್ಲಿಸಿ, ಹತ್ತೊಂಬತ್ತು ಸುತ್ತು ಮುಗಿಯುವ ತನಕ ಕಣ್ಣು ಮಿಟುಕಿಸದೆ ನೋಡಿದ. ಆಮೇಲೆ ಪೊಟ್ಟಣದಿಂದ ಒಂದು ಎಳೆ ತೆಗೆದು ಮುರಿದ.

"ನಿಮ್ಮ ಲೆಕ್ಕ ನಂಗೆ ತಿಳೀಲಿಲ್ಲ," ಎಂದ. "ತಪ್ಪು ನಂದು ಅಂತ ಹೇಳೋಕೆ ಹಲ್ಗೆ ಹೊತ್ಕೊಂಡು ಬಂದಿದೀರಲ್ಲ, ಅದು ತಿಳೀತು." ಆಮೇಲೆ ಬದ್ರುನ್ನೀಸಾಳ ಕಡೆ ತಿರುಗಿ, ಈ ಸಲ ಎಷ್ಟು ಕಳಿಸ್ತೀರಿ ಎಂದು ಕೇಳಿದ.

ಬದ್ರುನ್ನೀಸಾ ತನ್ನ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡಳು.

"ಮೊದಲಿನಷ್ಟೇ," ಎಂದಳು.